ಕೈಟೋಸಾನ್ ಮಣಿಯೊಳಗೆ ಮ್ಯಾಗ್ನೆಟೈಟ್ ಗಂಟು ಕಟ್ಟುತ್ತಿದೆ, ಪಿಬಿಎಸ್‌ನಲ್ಲಿ ಕಂದಾಗುತ್ತಿದೆ: ಯಾವ ಹಂತ ಬದಲಿಸಬೇಕು?

ಕಪ್ಪುಮಣಿ (ಪ್ರಶ್ನೆ)

ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ತುಂಬಿದ, ಕೈಟೋಸಾನ್ (ಸೀಗಡಿ ಚಿಪ್ಪಿನಂಥವುಗಳಿಂದ ಬರುವ ಪಾಲಿಮರ್) ಮತ್ತು ಮ್ಯಾಗ್ನೆಟೈಟ್ (ಕಾಂತೀಯ ಐರನ್ ಆಕ್ಸೈಡ್) ಸೇರಿದ ಮಣಿಗಳ ಬಗ್ಗೆ ಈ ಪ್ರಶ್ನೆ. ಗಡ್ಡೆ ತೆಗೆದ ಜಾಗದಲ್ಲಿ ಇಟ್ಟಾಗ ಔಷಧ ನಿಧಾನವಾಗಿ ಹೊರಬರಬೇಕು, ಹೊರಗಿನಿಂದ ಪರ್ಯಾಯ ಕಾಂತಕ್ಷೇತ್ರ ಕೊಟ್ಟರೆ ಅದೇ ಮಣಿ ಬಿಸಿಯಾಗಬೇಕು. ಈಗಿನ ವಿಧಾನ ಹೀಗಿದೆ.

ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 2.0 ಗ್ರಾಂ, 100 ಮಿ.ಲೀ. ನೀರಿನಲ್ಲಿ. ನೈಟ್ರೋಜನ್ ಹಾಯಿಸುತ್ತ 80 ಡಿಗ್ರಿಯಲ್ಲಿ 25% ಅಮೋನಿಯಾ 15 ಮಿ.ಲೀ. ಕಪ್ಪಾದ ಮೇಲೆ ಟ್ರೈಸೋಡಿಯಂ ಸಿಟ್ರೇಟ್ 1 ಗ್ರಾಂ, ಒಂದು ಗಂಟೆ. ಅಯಸ್ಕಾಂತ ಹಿಡಿದು ತೊಳೆದು, 60 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ ಪುಡಿ ಮಾಡುವುದು. 1% ಅಸಿಟಿಕ್ ಆಮ್ಲದಲ್ಲಿ 2% ಕೈಟೋಸಾನ್ (ಡಿಅಸಿಟೈಲೇಷನ್ 85%), ಅದಕ್ಕೆ ಮಿ.ಲೀ.ಗೆ 5 ಮಿ.ಗ್ರಾಂ ಪುಡಿ ಮತ್ತು ಔಷಧ. 22 ಗೇಜ್ ಸೂಜಿಯಿಂದ 5% ಸೋಡಿಯಂ ಟ್ರೈಪಾಲಿಫಾಸ್ಫೇಟ್‌ಗೆ (ಮುಂದೆ ಟಿಪಿಪಿ) ತೊಟ್ಟಿಕ್ಕಿಸುವುದು. ಟಿಪಿಪಿ ದ್ರಾವಣದ ಪಿಎಚ್ ಸುಮಾರು 9.

ಪರಿಣಾಮ: ಮಣಿಯೊಳಗೆ ಬರಿಗಣ್ಣಿಗೇ ಕಾಣುವ ಕಪ್ಪು ಚುಕ್ಕೆಗಳು. ಒಣ ಮಣಿಗೆ ವಿಎಸ್‌ಎಂನಲ್ಲಿ (ಕಾಂತತ್ವ ಅಳೆಯುವ ಯಂತ್ರ) ಬರೀ 11 ಇಎಂಯು/ಗ್ರಾಂ (ಇಎಂಯು ಕಾಂತತ್ವದ ಏಕಮಾನ). ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರಿನ ಉಪ್ಪುನೀರು) 37 ಡಿಗ್ರಿಗೆ ಇಟ್ಟರೆ ಕೆಲವು ದಿನಕ್ಕೆ ಮಣಿ ಕಂದಾಗುತ್ತದೆ, ಮೇಲಿನ ದ್ರವ ಹಳದಿ–ಕಿತ್ತಳೆ. ಔಷಧದ ಬಹುಪಾಲು ಟಿಪಿಪಿ ದ್ರಾವಣದಲ್ಲೇ ಉಳಿದುಬಿಡುತ್ತದೆ. ಪಾಲಿಮರ್ ಸರಪಳಿಗಳನ್ನು ಬೆಸೆಯುವ ಗ್ಲುಟರಾಲ್ಡಿಹೈಡ್ ಹಾಕಿ ಬಿಗಿ ಮಾಡಿದರೆ ಸರಿಹೋದೀತೇ, ಅಥವಾ ತಪ್ಪು ಅದಕ್ಕೂ ಹಿಂದೆಯೇ ಇದೆಯೇ?

ಕಲಿಲ

ಹಿಂದೆಯೇ ಇದೆ. ಲವಣಗಳ ತೂಕ ಸರಿಯಾಗಿದೆ: ಫೆರಿಕ್ 0.02 ಮೋಲ್, ಫೆರಸ್ 0.01 ಮೋಲ್, 2:1 ಅನುಪಾತ, ಸಿಗಬೇಕಾದ್ದು 2.3 ಗ್ರಾಂ ಮ್ಯಾಗ್ನೆಟೈಟ್. ಅಮೋನಿಯಾ ಲೆಕ್ಕದಲ್ಲಿ 6 ಮಿ.ಲೀ. ಸಾಕು, 15 ಹಾಕುವುದು ಪಿಎಚ್ 10ರ ಆಸುಪಾಸು ಕೊನೆಯವರೆಗೂ ನಿಲ್ಲಲಿ ಎಂದು, 80 ಡಿಗ್ರಿಯಲ್ಲಿ ಒಂದಷ್ಟು ಹಾರಿಹೋಗುತ್ತದಲ್ಲ. ನೈಟ್ರೋಜನ್ ಮಾತ್ರ ಲವಣ ಹಾಕುವ ಮೊದಲೇ, ಬರೀ ನೀರಿಗೆ ಅರ್ಧ ಗಂಟೆ ಹಾಯಲಿ. ಫೆರಸ್ ಲವಣದ ಡಬ್ಬಿಯನ್ನೂ ಒಮ್ಮೆ ನೋಡಿ. ಹರಳು ತಿಳಿ ಹಸಿರಾಗಿದ್ದರೆ ಸರಿ, ಮೇಲೆ ಹಳದಿ–ಕಂದು ಪುಡಿ ಕೂತಿದ್ದರೆ ನಿಮ್ಮ 2:1 ಅನುಪಾತ ಕಾಗದದ ಮೇಲಷ್ಟೇ ಉಳಿದಿದೆ.

ಗಂಟು ಕಟ್ಟಲು ಕಾರಣ ಎರಡು, ಎರಡೂ ಸ್ವತಂತ್ರ.

ಒಂದು, ಓವನ್. 10 ನ್ಯಾನೋಮೀಟರಿನ ಕಣಗಳನ್ನು ಒಮ್ಮೆ ಒಣಗಿಸಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಪ್ರೋಬ್ ಸೋನಿಕೇಟರ್ ಹಿಡಿದರೂ ಮೈಕ್ರಾನ್ ಗಾತ್ರದ ತುಣುಕಾಗುತ್ತವೆಯೇ ಹೊರತು ಮೊದಲಿನ ಕಣ ವಾಪಸ್ ಬರುವುದಿಲ್ಲ. ಗಾಳಿಯಲ್ಲಿ 60 ಡಿಗ್ರಿ ಎಂದರೆ ಉತ್ಕರ್ಷಣವೂ ಅಲ್ಲೇ ಶುರು. ಕಣಗಳನ್ನು ಯಾವಾಗಲೂ ಒದ್ದೆಯಾಗಿಯೇ ಇಡಿ. ನೀರಿನಲ್ಲೇ ಗಟ್ಟಿ ಕದಡು ಮಾಡಿಕೊಂಡು, 1 ಮಿ.ಲೀ. ಮಾತ್ರ ಒಣಗಿಸಿ ತೂಗಿ ಸಾಂದ್ರತೆ ತಿಳಿದುಕೊಳ್ಳಿ, ಉಳಿದದ್ದನ್ನು ನೈಟ್ರೋಜನ್ ತುಂಬಿದ ಬಾಟಲಿಯಲ್ಲಿ 4 ಡಿಗ್ರಿಗೆ ಇಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೂ ಇದೇ ಕಥೆ.

ಎರಡು, ವಿದ್ಯುದಾವೇಶ. ಇದು ದೊಡ್ಡ ಕಾರಣ. ಸಿಟ್ರೇಟ್ ಹಚ್ಚಿದ ಕಣದ ಮೈ ಋಣ. ಜೀಟಾ ವಿಭವ (ಕಣದ ಮೈಯ ಆವೇಶದ ಅಳತೆ) ಮೈನಸ್ 30ರಿಂದ 40 ಮಿಲಿವೋಲ್ಟ್ ಇರುತ್ತದೆ. ಪಿಎಚ್ 4.5ರಲ್ಲಿ ಕೈಟೋಸಾನಿನ ಅಮೈನ್‌ಗಳೆಲ್ಲ ಪ್ರೋಟಾನ್ ಹಿಡಿದು ಧನವಾಗಿರುತ್ತವೆ, ಏಕೆಂದರೆ ಅದರ ಪಿಕೆಎ (ಅರ್ಧದಷ್ಟು ಅಮೈನ್ ಪ್ರೋಟಾನ್ ಹಿಡಿದಿರುವ ಪಿಎಚ್) 6.3–6.5. ಉದ್ದನೆಯ ಧನ ಸರಪಳಿ ಒಂದೇ ಹೊತ್ತಿಗೆ ಹತ್ತಾರು ಋಣ ಕಣಗಳನ್ನು ಹಿಡಿದು ಸೇತುವೆ ಕಟ್ಟುತ್ತದೆ; ಹುಳಿ ಬಿದ್ದ ಹಾಲಿನಂತೆ ಇಡೀ ಕದಡು ಒಡೆಯುತ್ತದೆ. ಎಷ್ಟು ಜೋರಾಗಿ ಕಲಕಿದರೂ ಒಡೆಯುವುದು ತಪ್ಪದು. ಸಿಟ್ರೇಟ್ ಲೇಪ ಒಳ್ಳೆಯದೇ, ಕೈಟೋಸಾನ್ ಜೊತೆಗೆ ಮಾತ್ರ ಅಲ್ಲ.

ಕೈಟೋಸಾನೇ ಬೇಕೆಂದರೆ ಲೇಪವಿಲ್ಲದ ಮ್ಯಾಗ್ನೆಟೈಟ್ ಬಳಸಿ. ಅದರ ಶೂನ್ಯ ಆವೇಶದ ಬಿಂದು ಪಿಎಚ್ 6.5–7, ಅದಕ್ಕಿಂತ ಕೆಳಗೆ ಕಣವೂ ಧನ, ಕೈಟೋಸಾನೂ ಧನ, ಜಗಳವಿಲ್ಲ. ಅಮೋನಿಯಾ ಹೋಗುವವರೆಗೆ, ತೊಳೆದ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆಯಿರಿ. ಆಮೇಲೆ 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಐಸ್ ಮೇಲೆ ಇಟ್ಟು, 10 ನಿಮಿಷ ಸೋನಿಕೇಟ್ ಮಾಡಿ. ಅಯಸ್ಕಾಂತ ಹಿಡಿದರೂ ಬೇಗ ತಳಕ್ಕಿಳಿಯದ ಕಪ್ಪು ದ್ರವ ಸಿಗಬೇಕು. ತಳಕ್ಕಿಳಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ ತೆಗೆದುಬಿಡಿ. ಈ ಕದಡನ್ನು ಆಮ್ಲದಲ್ಲಿ ದಿನಗಟ್ಟಲೆ ಇಡಬೇಡಿ. ಮೊದಲು ಫೆರಸ್ ಕರಗಿ ಹೊರಬರುತ್ತದೆ, ಕಣದ ಮೈ ಮ್ಯಾಗ್‌ಹೆಮೈಟ್ (ಇನ್ನಷ್ಟು ಉತ್ಕರ್ಷಣಗೊಂಡ ಐರನ್ ಆಕ್ಸೈಡ್) ಆಗುತ್ತದೆ.

ಬೆರೆಸುವ ಕ್ರಮವೂ ಮುಖ್ಯ. ಬರೀ 1% ಅಸಿಟಿಕ್ ಆಮ್ಲದ ಪಿಎಚ್ 2.8ರ ಹತ್ತಿರ. ಅದಕ್ಕೇ ಕಣ ಸುರಿದು ಆಮೇಲೆ ಕೈಟೋಸಾನ್ ಹಾಕುವವರಿದ್ದಾರೆ. ಕಬ್ಬಿಣ ಕರಗಿಸಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ಕೈಟೋಸಾನನ್ನು ಮೊದಲು ರಾತ್ರಿಯಿಡೀ ಕರಗಿಸಿ ಸೋಸಿ. ಅಮೈನ್‌ಗಳು ಆಮ್ಲ ಹೀರಿಕೊಂಡು ಪಿಎಚ್ ತಾನಾಗಿ 4–5ಕ್ಕೆ ಏರುತ್ತದೆ. ಬೇಕಿದ್ದರೆ ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕಿ 5ಕ್ಕೆ ತನ್ನಿ. 6 ದಾಟಿದರೆ ಕೈಟೋಸಾನೇ ಬಿಳಿಯಾಗಿ ಒತ್ತರಿಸುತ್ತದೆ (ದ್ರಾವಣದಿಂದ ಘನವಾಗಿ ಬೇರ್ಪಡುತ್ತದೆ). ಕಣಗಳ ಕದಡು ಕೊನೆಗೆ, ಸಣ್ಣ ಧಾರೆಯಲ್ಲಿ.

ಟಿಪಿಪಿ ಪಿಎಚ್ 9ರಲ್ಲಿದ್ದಾಗ ನಿಮಗೆ ಸಿಗುತ್ತಿರುವುದು ಅರ್ಧ ನಿಜವಾದ ಅಯಾನಿಕ್ ಜೋಡಣೆ, ಅರ್ಧ ಕ್ಷಾರಕ್ಕೆ ಬಿದ್ದ ಒತ್ತರ. ಹೈಡ್ರಾಕ್ಸೈಡ್ ಬೇಗ ಒಳಹೊಕ್ಕು ಹೊರ ಚರ್ಮ ಗಟ್ಟಿಯಾಗುತ್ತದೆ, ನಡುವೆ ಮೆದು. ಟಿಪಿಪಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ 5–6ಕ್ಕೆ ಇಳಿಸಿ ಹೆಚ್ಚು ಹೊತ್ತು ನೆನೆಸಿದರೆ ಒಳಗೂ ಹೊರಗೂ ಒಂದೇ ಹದ. ಆಮ್ಲದಲ್ಲಿ ಟಿಪಿಪಿ ನಿಧಾನವಾಗಿ ಒಡೆಯುವುದರಿಂದ ಆಯಾ ದಿನವೇ ತಯಾರಿಸಿಕೊಳ್ಳಿ.

ಗ್ಲುಟರಾಲ್ಡಿಹೈಡ್ ಬೇಡ. ವಿಷದ ಮಾತು ಹಾಗಿರಲಿ, ಡಾಕ್ಸೊರುಬಿಸಿನ್‌ನಲ್ಲೇ ಒಂದು ಪ್ರೈಮರಿ ಅಮೈನ್ ಇದೆ. ಕೈಟೋಸಾನನ್ನು ಹಿಡಿಯುವ ಆಲ್ಡಿಹೈಡ್ ಔಷಧವನ್ನೂ ಹಿಡಿಯುತ್ತದೆ. ಇನ್ನೊಂದು ಬೆಸೆಯುವ ವಸ್ತು ಜೆನಿಪಿನ್‌ಗೂ ಅದೇ ಮಾತು. ಬಳಸುವುದಾದರೆ ಮೊದಲು ಖಾಲಿ ಮಣಿ ಬಿಗಿ ಮಾಡಿ, ಚೆನ್ನಾಗಿ ತೊಳೆದು, ಆಮೇಲೆ ಔಷಧದಲ್ಲಿ ನೆನೆಸಿ.

ಪಾಚಿಜೆಲ್

ಮೇಲಿನ ರಸಾಯನಶಾಸ್ತ್ರಕ್ಕೆ ನನ್ನ ತಕರಾರಿಲ್ಲ, ಪಾಲಿಮರ್ ಆಯ್ಕೆಗೆ ಇದೆ. ಡಾಕ್ಸೊರುಬಿಸಿನ್ ಅಮೈನ್‌ನ ಪಿಕೆಎ 8ಕ್ಕಿಂತ ತುಸು ಮೇಲೆ; ಪಿಎಚ್ 5ರಲ್ಲಿ ಅದು ಪೂರ್ತಿ ಧನ. ಕೈಟೋಸಾನೂ ಧನ. ಔಷಧ ಟಿಪಿಪಿ ದ್ರಾವಣಕ್ಕೆ ಓಡಿಹೋಗದೆ ಇನ್ನೇನು ಮಾಡೀತು? ಕಣಗಳ ಗಂಟು ಬಿಡಿಸಿದರೂ ಈ ಸೋರಿಕೆ ನಿಲ್ಲುವುದಿಲ್ಲ.

ಪಾಚಿಯಿಂದ ಬರುವ ಪಾಲಿಮರ್ ಆಲ್ಜಿನೇಟ್‌ಗೆ ಬನ್ನಿ. ಅದರ ಕಾರ್ಬಾಕ್ಸಿಲೇಟ್ ಋಣ: ಔಷಧ ಅಂಟುತ್ತದೆ, ನಿಮ್ಮ ಸಿಟ್ರೇಟ್ ಕಣಗಳೂ ಗಂಟು ಕಟ್ಟದೆ ಬೆರೆಯುತ್ತವೆ. ಕೈಟೋಸಾನನ್ನು ಹೊರಲೇಪಕ್ಕೆ ಇಟ್ಟುಕೊಳ್ಳಿ.

ಸೋಡಿಯಂ ಆಲ್ಜಿನೇಟ್ 2%, ಮಧ್ಯಮ ಸ್ನಿಗ್ಧತೆಯದ್ದು, ಗುಲುರೊನಿಕ್ ಅಂಶ ಹೆಚ್ಚಿರುವುದಾದರೆ ಮಣಿ ಗಟ್ಟಿ. ಪುಡಿಯನ್ನು ಸುಳಿಯ ಅಂಚಿಗೆ ಸ್ವಲ್ಪಸ್ವಲ್ಪವೇ ಉದುರಿಸಿ, ಒಟ್ಟಿಗೆ ಸುರಿದರೆ ಒಳಗೆ ಒಣಹಿಟ್ಟಿರುವ ಗಂಟುಗಳು ಗಂಟೆಗಟ್ಟಲೆ ಕರಗುವುದಿಲ್ಲ. ಒಣಗಿಸದ ಸಿಟ್ರೇಟ್ ಕಣಗಳ ಕದಡನ್ನು ಬೆರೆಸಿ, ಕೊನೆಯ ಸಾಂದ್ರತೆ ಮಿ.ಲೀ.ಗೆ 5 ಮಿ.ಗ್ರಾಂ. ಗುಳ್ಳೆ ಹೋಗಲು ನಿಧಾನ ಸೆಂಟ್ರಿಫ್ಯೂಜ್ ಅಥವಾ ನಿರ್ವಾತ. ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 100 ಮಿ.ಲೀ.ಗೆ 1.47 ಗ್ರಾಂ, ಅಂದರೆ 100 ಮಿಲಿಮೋಲಾರ್. ಸೂಜಿಯ ತುದಿ ದ್ರಾವಣದಿಂದ 5–10 ಸೆಂ.ಮೀ. ಮೇಲೆ, ತೀರ ಹತ್ತಿರವಾದರೆ ಹನಿಗೆ ಬಾಲ ಉಳಿಯುತ್ತದೆ, ತೀರ ಎತ್ತರವಾದರೆ ಬಿದ್ದು ಚಪ್ಪಟೆಯಾಗುತ್ತದೆ. 22 ಗೇಜ್‌ಗೆ 2–3 ಮಿ.ಮೀ. ಮಣಿ ಬರುತ್ತದೆ. ಅದಕ್ಕಿಂತ ಸಣ್ಣದು ಬೇಕಾದರೆ ಸೂಜಿ ಬದಲಿಸಿ ಹೆಚ್ಚೇನೂ ಆಗದು, ಗಾಳಿಯ ಧಾರೆ ಅಥವಾ ಅಧಿಕ ವೋಲ್ಟೇಜ್ ಬೇಕು. 30 ನಿಮಿಷ ಗಟ್ಟಿಯಾಗಲಿ, ತೊಳೆಯಿರಿ, 0.2% ಕೈಟೋಸಾನ್ ದ್ರಾವಣದಲ್ಲಿ (ಪಿಎಚ್ 5–5.5) 10 ನಿಮಿಷ ಮುಳುಗಿಸಿ ತೆಗೆಯಿರಿ.

ಇಲ್ಲಿ ಕೆಡುವುದು ಒಂದೇ ಕಡೆ, ಉಳಿದ ಸಿಟ್ರೇಟ್‌ನಲ್ಲಿ. ಕಣದ ಮೈಗೆ ಅಂಟಿದ್ದು ಇರಲಿ, ನೀರಿನಲ್ಲಿ ಬಿಡಿಯಾಗಿ ತೇಲುವ ಸಿಟ್ರೇಟ್ ಕ್ಯಾಲ್ಸಿಯಂ ಕಸಿಯುತ್ತದೆ, ಮಣಿ ಮೆತ್ತಗಾಗುತ್ತದೆ. 12–14 ಕಿಲೋಡಾಲ್ಟನ್ ಡಯಾಲಿಸಿಸ್ ಚೀಲದಲ್ಲಿ ಹಾಕಿ ಒಂದು ದಿನ ನೀರು ಬದಲಿಸುತ್ತಿರಿ.

ಇನ್ನು ಪಿಬಿಎಸ್. ಅದರ ಫಾಸ್ಫೇಟ್ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಸೋಡಿಯಂ ಅದರ ಜಾಗಕ್ಕೆ ಕೂರುತ್ತದೆ; ಆಲ್ಜಿನೇಟ್ ಮಣಿ ಉಬ್ಬಿ ಕರಗುತ್ತದೆ. ಆಮೇಲೆ ಬರೆಯುವ "ನಿಯಂತ್ರಿತ ಬಿಡುಗಡೆ" ವಾಸ್ತವದಲ್ಲಿ ಮಣಿ ಕರಗಿದ ವೇಗ. ಅದೇ ಫಾಸ್ಫೇಟ್ ಐರನ್ ಆಕ್ಸೈಡ್ ಮೈಯಿಂದ ಸಿಟ್ರೇಟನ್ನೂ ತಳ್ಳಿಹಾಕುತ್ತದೆ. ಟ್ರಿಸ್ ಅಥವಾ ಹೆಪಿಸ್ ಬಫರ್ 10 ಮಿಲಿಮೋಲಾರ್, ಉಪ್ಪು 0.9%, ಕ್ಯಾಲ್ಸಿಯಂ ಕ್ಲೋರೈಡ್ 2 ಮಿಲಿಮೋಲಾರ್, ಪಿಎಚ್ 7.4 ಬಳಸಿ. ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ 1.1–1.3 ಮಿಲಿಮೋಲಾರ್, ಫಾಸ್ಫೇಟ್ 1ರ ಆಸುಪಾಸು. 10 ಮಿಲಿಮೋಲಾರ್ ಫಾಸ್ಫೇಟಿನ ಪಿಬಿಎಸ್‌ಗಿಂತ ಇದು ದೇಹಕ್ಕೆ ಹತ್ತಿರ. ಹೋಲಿಕೆಗೆ ಪಿಬಿಎಸ್ ಕೂಡ ಓಡಿಸಿ, ಆದರೆ ಅದೊಂದನ್ನೇ ನಂಬಬೇಡಿ.

ಕಪ್ಪುಮಣಿ

ಇಬ್ಬರಿಗೂ ಧನ್ಯವಾದ. ಆಲ್ಜಿನೇಟ್ ದಾರಿಯೇ ಸೂಕ್ತ ಅನಿಸುತ್ತಿದೆ. ಎರಡು ಉಳಿದಿವೆ. ಪಿಬಿಎಸ್‌ನ ಆ ಹಳದಿ ಕಬ್ಬಿಣವೋ ಔಷಧವೋ? ಮತ್ತು 11 ಇಎಂಯು ಎಂಬುದಕ್ಕೆ ಪರಿಹಾರವೇನು? ಕಣ ಹೆಚ್ಚಿಸಬೇಕೆ?

ಮಾಪಕ

11 ಕಡಿಮೆಯಲ್ಲ, ಭಾಗಿಸುವುದನ್ನು ಬಿಟ್ಟಿದ್ದೀರಿ. ಮಿ.ಲೀ.ಗೆ ಕೈಟೋಸಾನ್ 20, ಕಣ 5 ಮಿ.ಗ್ರಾಂ. ಒಣ ಮಣಿಯಲ್ಲಿ ಕಣದ ಪಾಲು ಹೆಚ್ಚೆಂದರೆ 20%, ಒಳಸೇರಿದ ಟಿಪಿಪಿ ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ. 11ನ್ನು 0.2ರಿಂದ ಭಾಗಿಸಿ: ಆಕ್ಸೈಡ್‌ನ ಗ್ರಾಮಿಗೆ ಕನಿಷ್ಠ 55. ದೊಡ್ಡ ಹರಳಿನ ಮ್ಯಾಗ್ನೆಟೈಟ್‌ಗೆ 92; ಸಹ-ಅವಕ್ಷೇಪಣದ 10 ನ್ಯಾನೋಮೀಟರ್ ಕಣಕ್ಕೆ 50–70 ಸಹಜ. ವಿಎಸ್‌ಎಂ ಅಂಕಿಯನ್ನು ಯಾವಾಗಲೂ ಆಕ್ಸೈಡ್ ತೂಕಕ್ಕೆ ಭಾಗಿಸಿ ಬರೆಯಿರಿ, ಇಲ್ಲದಿದ್ದರೆ ಎರಡು ಮಾದರಿಗಳ ಹೋಲಿಕೆಗೆ ಅರ್ಥವಿಲ್ಲ.

ಆ ಪಾಲು ಎಷ್ಟೆಂದು ಟಿಜಿಎಯಿಂದ (ಬಿಸಿ ಮಾಡುತ್ತ ತೂಕ ಅಳೆಯುವ ವಿಧಾನ) ತಿಳಿಯಬಹುದು, ಬಲೆ ಎರಡೂ ಕಡೆ ಇದೆ. ಗಾಳಿಯಲ್ಲಿ ಓಡಿಸಿದರೆ ಮ್ಯಾಗ್ನೆಟೈಟ್ ಹೆಮಟೈಟ್ ಆಗಿ ಸುಮಾರು 3.4% ತೂಕ ಏರುತ್ತದೆ, ಕಳೆಯಬೇಕು. ನೈಟ್ರೋಜನ್‌ನಲ್ಲಿ ಓಡಿಸಿದರೆ ಪಾಲಿಮರ್ ಸುಟ್ಟುಳಿದ ಇಂಗಾಲ 600 ಡಿಗ್ರಿಯ ಮೇಲೆ ಆಕ್ಸೈಡಿನ ಆಮ್ಲಜನಕವನ್ನೇ ಎಳೆಯುತ್ತದೆ, ತೂಕ ಮತ್ತೊಮ್ಮೆ ಇಳಿಯುತ್ತದೆ. ಅದನ್ನು ಪಾಲಿಮರ್ ಲೆಕ್ಕಕ್ಕೆ ಬರೆದವರು ಬೇಕಾದಷ್ಟು ಮಂದಿ. ಟಿಪಿಪಿ, ಕ್ಯಾಲ್ಸಿಯಂ ಕೂಡ ಬೂದಿಯಲ್ಲಿ ಉಳಿಯುವುದರಿಂದ ನನ್ನ ಆಯ್ಕೆ ನೇರ ಕಬ್ಬಿಣದ ಅಳತೆ. ಒಣ ಮಣಿ 10 ಮಿ.ಗ್ರಾಂ, ಗಾಢ ಹೈಡ್ರೋಕ್ಲೋರಿಕ್ ಆಮ್ಲ, ಕಪ್ಪು ಹೋಗಿ ಹಳದಿಯಾಗುವವರೆಗೆ 60 ಡಿಗ್ರಿ. ಹೈಡ್ರಾಕ್ಸಿಲಮೀನ್‌ನಿಂದ ಫೆರಸ್‌ಗೆ ಇಳಿಸಿ, ಅಸಿಟೇಟ್ ಬಫರ್, ಫಿನಾಂತ್ರೊಲಿನ್ (ಫೆರಸ್ ಜೊತೆ ಕಿತ್ತಳೆ–ಕೆಂಪಾಗುವ ವಸ್ತು), 510 ನ್ಯಾನೋಮೀಟರಿನಲ್ಲಿ ಓದು. ಟಿಪಿಪಿ ಇರುವ ಮಾದರಿಯನ್ನು ಆಮ್ಲದಲ್ಲಿ ಕುದಿಸಲೇಬೇಕು. ಪಾಲಿಫಾಸ್ಫೇಟ್ ಹಾಗೇ ಉಳಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬಣ್ಣ ಕಡಿಮೆ ತೋರಿಸುತ್ತದೆ. ಬಂದ ಕಬ್ಬಿಣವನ್ನು 0.724ರಿಂದ ಭಾಗಿಸಿದರೆ ಮ್ಯಾಗ್ನೆಟೈಟ್.

ಹಳದಿ ಬಣ್ಣಕ್ಕೂ ಇದೇ ಪರೀಕ್ಷೆ: ಔಷಧವಿಲ್ಲದ ಮಣಿಯನ್ನೂ ಪಕ್ಕದಲ್ಲಿಟ್ಟು, ಎರಡರ ಮೇಲಿನ ದ್ರವದಲ್ಲೂ ಕಬ್ಬಿಣ ಅಳೆಯಿರಿ. ಡಾಕ್ಸೊರುಬಿಸಿನ್ ತಾನೇ ಕಿತ್ತಳೆ–ಕೆಂಪು, 480 ನ್ಯಾನೋಮೀಟರಿನ ಬೆಳಕು ಹೀರುತ್ತದೆ. ಅದರ ಜೊತೆ ಕರಗಿದ ಫೆರಿಕ್ ಸೇರಿದರೆ ಸಂಕೀರ್ಣವಾಗಿ ಬಣ್ಣ ನೇರಳೆಗೆ ವಾಲುತ್ತದೆ. ಆಗ 480ರ ಓದು ಬಿಡುಗಡೆಯ ಪ್ರಮಾಣ ಹೇಳುವುದಿಲ್ಲ. ಬೆಳಕಿನಲ್ಲಿಟ್ಟರೂ, ಪಿಎಚ್ 7.4ರಲ್ಲಿ 37 ಡಿಗ್ರಿಗೆ ದಿನಗಟ್ಟಲೆ ಇಟ್ಟರೂ ಈ ಔಷಧ ತಾನಾಗಿ ಕೆಡುತ್ತದೆ. ಹಾಗಾಗಿ ಬರೀ ಔಷಧದ ದ್ರಾವಣವನ್ನೂ ಅದೇ ಕತ್ತಲೆಯಲ್ಲಿ ಅದೇ ಅವಧಿ ಇಟ್ಟು ತಿದ್ದಿಕೊಳ್ಳಿ. ಮಣಿ ಕಂದಾಗುವುದು ಬಹುತೇಕ ಮ್ಯಾಗ್‌ಹೆಮೈಟ್ ಆಗುವ ಬದಲಾವಣೆ. ಅದೂ ಕಾಂತೀಯವೇ, 76–80 ಇಎಂಯು/ಗ್ರಾಂ ಆಸುಪಾಸು. ತುಕ್ಕಿನಂತೆ ಕೆಂಪಾಗಿ ಅಯಸ್ಕಾಂತಕ್ಕೆ ಓಗೊಡದಿದ್ದರೆ ಮಾತ್ರ ಚಿಂತಿಸಿ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆ) ಮ್ಯಾಗ್ನೆಟೈಟ್, ಮ್ಯಾಗ್‌ಹೆಮೈಟ್ ಎರಡನ್ನು ಬೇರೆ ಮಾಡುವಷ್ಟು ಸಮರ್ಥವಲ್ಲ, ರೇಖೆಗಳು ಬಹುತೇಕ ಒಂದರ ಮೇಲೊಂದು.

ಬಿಸಿ ಮಾಡುವ ವಿಷಯ ಇನ್ನೂ ಯಾರೂ ಎತ್ತಿಲ್ಲ. ನೀರಿನಲ್ಲಿ ಕಣ ಎರಡು ರೀತಿ ಬಿಸಿ ಕೊಡುತ್ತದೆ: ಒಳಗಿನ ಕಾಂತತ್ವ ತಿರುಗುವ ನೀಲ್ ವಿಧ, ಕಣವೇ ತಿರುಗುವ ಬ್ರೌನ್ ವಿಧ. ಜೆಲ್‌ನಲ್ಲಿ ಎರಡನೆಯದು ಕಟ್ಟಿಬೀಳುತ್ತದೆ. ಆದ್ದರಿಂದ ನೀರಿನಲ್ಲಿ ಅಳೆದ ಎಸ್‌ಎಆರ್ (ಗ್ರಾಮಿಗೆ ಎಷ್ಟು ವ್ಯಾಟ್ ಶಾಖ) ಅನ್ನು ಮಣಿಗೆ ಹೇಳಬೇಡಿ, ಮಣಿಯಲ್ಲೇ ಅಳೆಯಿರಿ. ತಾಪ ಏರಿಕೆಯ ರೇಖೆಯ ಆರಂಭದ ಇಳಿಜಾರು ತೆಗೆದುಕೊಳ್ಳಿ. ಉದಾಹರಣೆಗೆ ಮಿ.ಲೀ.ಗೆ 5 ಮಿ.ಗ್ರಾಂ ಆಕ್ಸೈಡ್ ಇರುವ ಜೆಲ್ ಸೆಕೆಂಡಿಗೆ 0.02 ಡಿಗ್ರಿ ಏರಿದರೆ 4.18×0.02/0.005, ಆಕ್ಸೈಡಿನ ಗ್ರಾಮಿಗೆ ಸುಮಾರು 17 ವ್ಯಾಟ್. ಕಬ್ಬಿಣದ ಗ್ರಾಮಿಗೆ ಹೇಳುವುದಾದರೆ 23. ಯಾವುದಕ್ಕೆ ಭಾಗಿಸಿದಿರೆಂದು ಬರೆಯದಿದ್ದರೆ ಅಂಕಿ ವ್ಯರ್ಥ. ಥರ್ಮೋಕಪಲ್ ಲೋಹ, ಕ್ಷೇತ್ರದಲ್ಲಿ ತಾನೇ ಬಿಸಿಯಾಗುತ್ತದೆ. ಫೈಬರ್ ಆಪ್ಟಿಕ್ ಥರ್ಮಾಮೀಟರ್ ಬೇಕು. ಕಾಯಿಲ್‌ನ ಶಾಖ ತಿಳಿಯಲು ಕಣವಿಲ್ಲದ ಜೆಲ್ ಕೂಡ ಇಡಿ.

ಕ್ಷೇತ್ರವನ್ನು ಮನಬಂದಂತೆ ಏರಿಸುವ ಹಾಗಿಲ್ಲ. ಕ್ಷೇತ್ರ ಮತ್ತು ಆವರ್ತನದ ಗುಣಲಬ್ಧಕ್ಕೆ, ದೇಹ ತಡೆದುಕೊಳ್ಳಲಿ ಎಂದು ಹಾಕಿದ ಅಟ್ಕಿನ್ಸನ್–ಬ್ರೆಜೊವಿಚ್ ಮಿತಿ ಮೀಟರಿಗೆ 4.85×10⁸ ಆಂಪಿಯರ್-ಹರ್ಟ್ಸ್, ಸಣ್ಣ ಭಾಗಕ್ಕೆ 5×10⁹ವರೆಗೆ ಒಪ್ಪುವವರಿದ್ದಾರೆ. 300 ಕಿಲೋಹರ್ಟ್ಸ್, 15 ಕಿಲೋಆಂಪಿಯರ್/ಮೀ. ಅಂದರೆ ಎರಡನೆಯ ಮಿತಿಯ ಅಂಚು. ಯುರೋಪಿನಲ್ಲಿ 2010ರಲ್ಲಿ ಮೆದುಳಿನ ಗಡ್ಡೆಗೆ ಒಪ್ಪಿಗೆ ಪಡೆದ ನ್ಯಾನೋಥರ್ಮ್ 100 ಕಿಲೋಹರ್ಟ್ಸ್ ಬಳಸುತ್ತದೆ, ಅದರ ಕದಡಿನಲ್ಲಿ ಮಿ.ಲೀ.ಗೆ 112 ಮಿ.ಗ್ರಾಂ ಕಬ್ಬಿಣ. ನಿಮ್ಮದು 3.6. ರಕ್ತ ಹರಿಯುವ ಅಂಗಾಂಶದಲ್ಲಿ ಇಷ್ಟರಿಂದ 43 ಡಿಗ್ರಿ ಮುಟ್ಟುವುದು ಕಷ್ಟ. ಮಣಿಯಲ್ಲಿ ಮಿ.ಲೀ.ಗೆ 20–30 ಮಿ.ಗ್ರಾಂ ಕಣ ತುಂಬಿ, ಇಲ್ಲವೇ 15–20 ನ್ಯಾನೋಮೀಟರಿನ ಕಣಕ್ಕೆ ಹೋಗಿ. 10 ನ್ಯಾನೋಮೀಟರಿನದು ಬಿಸಿ ಕೊಡುವುದರಲ್ಲಿ ಬಡವ.

ಕೋಶಪಾತ್ರೆ

ಕೋಶ ಪರೀಕ್ಷೆಗೆ ಹೋಗುವ ಮುನ್ನ ಇಷ್ಟು. ಎಂಟಿಟಿ ಪರೀಕ್ಷೆಯನ್ನು (ಬದುಕಿದ ಕೋಶ ಫಾರ್ಮಜಾನ್ ಎಂಬ ಬಣ್ಣ ಮಾಡುತ್ತದೆ) 570 ನ್ಯಾನೋಮೀಟರಿನಲ್ಲಿ ಓದುವಾಗ ಕಪ್ಪು ಕಣವೂ ಬೆಳಕು ಹೀರಿ, ಸತ್ತ ಕೋಶ ಬದುಕಿದಂತೆ ತೋರುತ್ತದೆ. ಫಾರ್ಮಜಾನ್ ಕರಗಿಸಿದ ಮೇಲೆ ಪ್ಲೇಟಿನ ಕೆಳಗೆ ಅಯಸ್ಕಾಂತ ಇಟ್ಟು, ಮೇಲಿನ ದ್ರವವನ್ನು ಹೊಸ ಪ್ಲೇಟಿಗೆ ವರ್ಗಾಯಿಸಿ ಓದಿ. ಕೋಶವಿಲ್ಲದೆ ಕಣ ಮಾತ್ರ ಇರುವ ಬಾವಿಗಳೂ ಇರಲಿ. ಐಎಸ್‌ಒ 10993-5 ಪ್ರಕಾರ ಜೀವಂತಿಕೆ 70%ಕ್ಕಿಂತ ಇಳಿದರೆ ವಿಷಕಾರಿ. ಹೀಮೊಲಿಸಿಸ್ (ಕೆಂಪು ರಕ್ತಕಣ ಒಡೆಯುವುದು) 5% ದಾಟಬಾರದು. ಧನಾವೇಶದ ಕೈಟೋಸಾನ್ ಹೊರಗಿರುವುದರಿಂದ ಇದನ್ನು ಬಿಡಬೇಡಿ.

ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಯಲ್ಲಿ ಕೈಟೋಸಾನ್ ಮೋಸ ಮಾಡುತ್ತದೆ. ಋಣಾವೇಶದ ಎಂಡೋಟಾಕ್ಸಿನ್ ಅದಕ್ಕೆ ಅಂಟಿಕೊಂಡು ಅದನ್ನು ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆಗೆ ಕಾಣದಂತಾಗುತ್ತದೆ. ಗೊತ್ತಿರುವ ಪ್ರಮಾಣ ಸೇರಿಸಿ 50–200% ವಾಪಸ್ ಸಿಗುತ್ತದೆಯೇ ನೋಡದೆ "ಇಲ್ಲ" ಎಂದು ಬರೆಯುವಂತಿಲ್ಲ. ಸೀಗಡಿ ಚಿಪ್ಪಿನ ಸಾಮಾನ್ಯ ದರ್ಜೆಯ ಕೈಟೋಸಾನ್‌ನಲ್ಲಿ ಪ್ರೋಟೀನ್ ಉಳಿಕೆಯೂ ಇರಬಹುದು. 1% ದ್ರಾವಣ ಮಾಡಿ ಸೋಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 9ಕ್ಕೆ ಒತ್ತರಿಸಿ, ತಟಸ್ಥವಾಗುವವರೆಗೆ ತೊಳೆದು ಫ್ರೀಜ್ ಡ್ರೈ ಮಾಡಿ.

ಸಿದ್ಧ ಮಣಿಯನ್ನು ಆಟೋಕ್ಲೇವ್ ಮಾಡಿದರೂ 25 ಕಿಲೋಗ್ರೇ ಗಾಮಾ ಕೊಟ್ಟರೂ ಆಲ್ಜಿನೇಟ್, ಕೈಟೋಸಾನ್ ಎರಡರ ಸರಪಳಿಯೂ ತುಂಡಾಗುತ್ತದೆ, ಔಷಧದ ಪಾಡು ಬೇರೆ. ದ್ರಾವಣಗಳನ್ನು 0.22 ಮೈಕ್ರಾನ್‌ನಲ್ಲಿ ಸೋಸಿ, ಹುಡ್ ಒಳಗೇ ಮಣಿ ಮಾಡುವುದು ಸರಳ. 2% ಆಲ್ಜಿನೇಟ್ ಆ ಸೋಸುವಿಕೆಗೆ ಜಗ್ಗುವುದಿಲ್ಲ; ತೆಳುವಾಗಿ ಸೋಸಿ ಫ್ರೀಜ್ ಡ್ರೈ ಮಾಡಿ ಮತ್ತೆ ಕ್ರಿಮಿರಹಿತ ನೀರಿನಲ್ಲಿ ಕರಗಿಸಬೇಕು.

ಪಾಲಿಮರ್ ಹೆಸರಿನ ಬಗ್ಗೆ ಒಂದು ಮಾತು: ಐರನ್ ಆಕ್ಸೈಡ್ ಜೊತೆ ಆಸ್ಪತ್ರೆಯವರೆಗೆ ತಲುಪಿದ ಸಕ್ಕರೆ ಜಾತಿಯ ಪಾಲಿಮರ್‌ಗಳು ಬಹುತೇಕ ಡೆಕ್ಸ್‌ಟ್ರಾನ್ ವಂಶದವು. ಎಂಆರ್‌ಐ ಚಿತ್ರಕ್ಕೆ ಬಳಸುವ ಫೆರುಮಾಕ್ಸೈಡ್ಸ್‌ಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಕಬ್ಬಿಣದ ಕೊರತೆಗೆ ಕೊಡಲು 2009ರಲ್ಲಿ ಬಂದ ಫೆರುಮಾಕ್ಸಿಟಾಲ್‌ಗೆ ತೀವ್ರ ಅಲರ್ಜಿಯ ಕಾರಣ 2015ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಿತ್ತು. ನೈಸರ್ಗಿಕ ಎಂಬ ಕಾರಣಕ್ಕೆ ಯಾವ ಪರೀಕ್ಷೆಯೂ ಮಾಫಿ ಆಗುವುದಿಲ್ಲ. ನಮ್ಮಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಯಾವ ಅಳತೆಗಳನ್ನು ಕೇಳುತ್ತಾರೆಂದು ಈಗಲೇ ಓದಿಕೊಂಡರೆ ಬ್ಯಾಚುಗಳನ್ನು ಮತ್ತೆ ಮಾಡುವುದು ತಪ್ಪುತ್ತದೆ.

ಕಲಿಲ

ಪಾಚಿಜೆಲ್ ಅವರ ಮಾತು ಒಪ್ಪಿದೆ, ಡಾಕ್ಸೊರುಬಿಸಿನ್‌ಗೆ ಆಲ್ಜಿನೇಟೇ ಸರಿ. ಕಣವನ್ನು 20–30ಕ್ಕೆ ಏರಿಸಿದಾಗ ಸಿಟ್ರೇಟ್ ಕದಡನ್ನು ಗಟ್ಟಿ ಮಾಡಲು ಮತ್ತೆ ಓವನ್‌ಗೆ ಕೈ ಹಾಕಬೇಡಿ. ಅಸಿಟೋನ್ ಸೇರಿಸಿ ಒತ್ತರಿಸಿ, ಅಯಸ್ಕಾಂತದಿಂದ ಹಿಡಿದು, ಪೂರ್ತಿ ಒಣಗುವ ಮೊದಲೇ ಕಡಿಮೆ ನೀರಿಗೆ ಎತ್ತಿಕೊಳ್ಳಿ. ಉಳಿದ ಅಸಿಟೋನನ್ನು ಡಯಾಲಿಸಿಸ್‌ನಲ್ಲಿ ತೆಗೆಯಿರಿ. ಅದಕ್ಕೆ 3–4% ಆಲ್ಜಿನೇಟ್ ದ್ರಾವಣವನ್ನು ಸಮಪಾಲು ಬೆರೆಸಿದರೆ ಕೊನೆಗೆ 1.5–2% ನಿಲ್ಲುತ್ತದೆ. ಬೆರೆಸಿದ ಕೂಡಲೇ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಎಳೆದು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಸಮನಾದ ಕಂದು ಪದರ ಕಂಡರೆ ಔಷಧ ಹಾಕಿ, ಚುಕ್ಕೆ ಕಂಡರೆ ಅಲ್ಲೇ ನಿಲ್ಲಿಸಿ, ಔಷಧವಾದರೂ ಉಳಿಯುತ್ತದೆ.